ಮೋರ್ಸ್ ಪರೀಕ್ಷೆ ತೆಗೆದ್ರೆ ಹ್ಯಾಮ್‌ಗಳು ಜಾಸ್ತಿ ಆಗ್ತಾರಾ?

ಹಾಸನದಲ್ಲಾಗ್ಲಿ ಚಿಕ್ಕಮಗಳೂರಲ್ಲಾಗ್ಲಿ ಹ್ಯಾಮ್ ರೇಡಿಯೋ, ಅಂದ್ರೆ ಲೈಸೆನ್ಸ್ ತಗೊಂಡು ರೇಡಿಯೋದಲ್ಲಿ ಬೇರೆಯೋರ ಜೊತೆ ಮಾತಾಡೋ ಹವ್ಯಾಸ, ಅಂತ ಬಾಯಿಬಿಟ್ರೆ ಬರೋದು ಎರಡೇ ಪ್ರಶ್ನೆ. ಕೈಲಿ ಮೊಬೈಲ್ ಇರೋವಾಗ ಇದೆಲ್ಲ ಯಾಕ್ರೀ ಅನ್ನೋದು ಒಂದು, ಅಕ್ಷರಗಳನ್ನ ಚುಕ್ಕೆ ಗೆರೆ ಶಬ್ದಗಳಲ್ಲಿ ಕಳಿಸೋ ಆ ಟಕಟಕ ಮೋರ್ಸ್ ಕೋಡ್ ಕಲೀಲೇಬೇಕಾ ಅನ್ನೋದು ಇನ್ನೊಂದು. ಎರಡನೇದನ್ನ ಕೇಳೋರು ಹೆಚ್ಚಾಗಿ ಇಂಜಿನಿಯರಿಂಗ್ ಓದ್ತಿರೋ ಹುಡುಗ್ರು ಹುಡುಗೀರು, ಅವರಿಗೆ ಆಸಕ್ತಿ ಇದೆ, ಯೂಟ್ಯೂಬಲ್ಲಿ ನೋಡಿದಾರೆ, ಆದ್ರೆ ಮೋರ್ಸ್ ಅಂದ ಕೂಡ್ಲೇ ಮುಖ ಸಣ್ಣಗಾಗತ್ತೆ. ಹಂಗಾಗಿ ಈ ಪರೀಕ್ಷೆ ಒಂದು ಕಿತ್ತುಹಾಕಿದ್ರೆ ಹವ್ಯಾಸಿ ರೇಡಿಯೋಗೆ ಜನ ಮುಗಿಬೀಳ್ತಾರೆ ಅನ್ನೋ ನಂಬಿಕೆ ಗಟ್ಟಿಯಾಗಿ ಕೂತ್ಬಿಟ್ಟಿದೆ. ಹಳೇ ಹ್ಯಾಮ್‌ಗಳದ್ದು ಇದಕ್ಕೆ ಪೂರ್ತಿ ಎದುರು, ಮೋರ್ಸ್ ಹೋಯ್ತು ಅಂದ್ರೆ ಹವ್ಯಾಸದ ಮರ್ಯಾದೆನೇ ಹೋಯ್ತು, ಕಂಡಕಂಡೋರೆಲ್ಲ ಮೈಕ್ ಹಿಡ್ಕೊಂಡು ಗಲಾಟೆ ಎಬ್ಬಿಸ್ತಾರೆ ಅಂತ. ಬೇರೆ ದೇಶಗಳಲ್ಲಿ ಏನಾಯ್ತು ಅಂತ ನೋಡಿದ್ರೆ ಎರಡೂ ನಿಜ ಆಗ್ಲಿಲ್ಲ.

ನಮ್ಮಲ್ಲಿ ನಿಯಮ ಏನು ಅಂತ ಚುಟುಕಾಗಿ ಹೇಳ್ಬಿಡ್ತೀನಿ. 1978ರ ನಿಯಮಗಳ ಪ್ರಕಾರ ನಡೆದು ಬಂದ ಪದ್ಧತಿ ಇದು, ದೂರಸಂಪರ್ಕ ಇಲಾಖೆ ಪರೀಕ್ಷೆ ನಡೆಸತ್ತೆ, ಪಾಸಾದ್ರೆ ಲೈಸೆನ್ಸು, ಗಾಳಿಯಲ್ಲಿ ಗುರುತಿಗೆ ಒಂದು ಕಾಲ್‌ಸೈನು, 12 ವರ್ಷ ತುಂಬಿದ ಯಾರು ಬೇಕಾದ್ರೂ ಬರೀಬಹುದು. ಹಿಂದೆ ಎರಡನೇ ಗ್ರೇಡಿಗೆ ನಿಮಿಷಕ್ಕೆ 5 ಪದ, ಒಂದನೇ ಗ್ರೇಡಿಗೆ 12 ಪದದ ಮೋರ್ಸು ಕೇಳಿ ಬರ್ಕೋಬೇಕಿತ್ತು, ಕಳಿಸ್ಬೇಕಿತ್ತು. 2010ರ ಹೊತ್ತಿಗೆ ಈ ಗ್ರೇಡುಗಳ ಗೋಜಲನ್ನ ಕಮ್ಮಿ ಮಾಡಿ ರಿಸ್ಟ್ರಿಕ್ಟೆಡ್, ಜನರಲ್ ಅಂತ ಎರಡೇ ಉಳಿಸಿದ್ರು. ರಿಸ್ಟ್ರಿಕ್ಟೆಡ್‌ಗೆ ಮೋರ್ಸ್ ಬೇಡ, ಕಾಲ್‌ಸೈನ್ ವಿಯು3 ಇಂದ ಶುರು. ಜನರಲ್‌ಗೆ ನಿಮಿಷಕ್ಕೆ 8 ಪದ ಬೇಕು, ವಿಯು2 ಸಿಗತ್ತೆ, ಪವರ್ರೂ, ಬಳಸೋಕೆ ಸಿಗೋ ಅಲೆಪಟ್ಟಿ ಅಂದ್ರೆ ಬ್ಯಾಂಡುಗಳೂ ಜಾಸ್ತಿ. ಅಂದ್ರೆ ಬಾಗಿಲಲ್ಲಿ ಮೋರ್ಸ್ ಇಲ್ಲ, ಒಳಗಿನ ಕೋಣೆಗೆ ಹೋಗೋಕೆ ಇದೆ. ಈ ವಿಷಯನೇ ಅರ್ಧ ಜನಕ್ಕೆ ಗೊತ್ತಿಲ್ಲ, ಮೋರ್ಸ್ ಇಲ್ದೆ ಲೈಸೆನ್ಸೇ ಇಲ್ಲ ಅಂತ ಅಂದ್ಕೊಂಡು ಹತ್ತಿರಾನೇ ಬರಲ್ಲ.

ಅಷ್ಟಕ್ಕೂ ಈ ಪರೀಕ್ಷೆ ಯಾಕಿತ್ತು ಅನ್ನೋದು ಮುಖ್ಯ, ಯಾಕಂದ್ರೆ ಅದು ಯಾರನ್ನೂ ಹೊರಗಿಡೋಕೆ ಹುಟ್ಟಿದ್ದಲ್ಲ. ಹಡಗುಗಳು ಮೋರ್ಸಲ್ಲಿ ಮಾತಾಡ್ತಿದ್ದ ಕಾಲ ಅದು, 500 ಕಿಲೋಹರ್ಟ್ಸ್ ಮೇಲೆ ಯಾವುದಾದ್ರೂ ಹಡಗು ಎಸ್‌ಒಎಸ್ ಕೂಗ್ತಾ ಇರತ್ತೆ, ಆಗ ಹವ್ಯಾಸಿ ಒಬ್ಬ ತನ್ನ ಟ್ರಾನ್ಸ್‌ಮಿಟರಿಂದ ತೊಂದರೆ ಕೊಡ್ತಿದ್ರೆ ಅವನಿಗೆ ನಿಲ್ಲಿಸಪ್ಪಾ ಅಂತ ಹೇಳ್ಬೇಕಲ್ಲ, ಹೇಳೋದು ಮೋರ್ಸಲ್ಲೇ, ಅವನಿಗೆ ಅರ್ಥ ಆಗ್ಬೇಕು. ಅದಕ್ಕೇ ಅಂತರರಾಷ್ಟ್ರೀಯ ನಿಯಮದಲ್ಲಿ 30 ಮೆಗಾಹರ್ಟ್ಸ್‌ಗಿಂತ ಕೆಳಗೆ ಕೆಲಸ ಮಾಡೋ ಹವ್ಯಾಸಿಗೆ ಮೋರ್ಸ್ ಕಡ್ಡಾಯ ಮಾಡಿದ್ರು. ಆಮೇಲೆ ಹಡಗುಗಳಿಗೇ ಉಪಗ್ರಹ ಬಂತು, 1999ರ ಫೆಬ್ರವರಿ 1ಕ್ಕೆ ಜಗತ್ತಿನ ಕಡಲಲ್ಲೆಲ್ಲ ಹೊಸ ಅಪಾಯ ಸೂಚನಾ ವ್ಯವಸ್ಥೆ ಪೂರ್ತಿ ಜಾರಿಗೆ ಬಂತು, ಮೋರ್ಸ್ ರಿಟೈರ್ ಆಯ್ತು. ಕಾರಣ ಹೋದ್ಮೇಲೆ ನಿಯಮ ಎಷ್ಟು ದಿನ ಇರತ್ತೆ? 2003ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೋ ಸಮ್ಮೇಳನ ಇದನ್ನ ಆಯಾ ದೇಶದ ಇಷ್ಟಕ್ಕೆ ಬಿಡ್ತು. ಬ್ರಿಟನ್ನು, ಜರ್ಮನಿ ಅದೇ ವರ್ಷ ಕೈಬಿಟ್ರು. ಅಮೆರಿಕದಲ್ಲಿ ಒಂದು ಕಾಲಕ್ಕೆ ನಿಮಿಷಕ್ಕೆ 5, 13, 20 ಪದ ಅಂತ ಮೂರು ಮೆಟ್ಟಿಲಿತ್ತು, 1991ರಲ್ಲಿ ಶುರುವಿನ ಲೈಸೆನ್ಸಿಗೆ ತೆಗೆದ್ರು, 2000ದಲ್ಲಿ ಮಿಕ್ಕಿದ್ದನ್ನೆಲ್ಲ 5ಕ್ಕೆ ಇಳಿಸಿದ್ರು, 2007ರ ಫೆಬ್ರವರಿಲಿ ಪೂರ್ತಿ ಎತ್ತೇಬಿಟ್ರು.

ಎತ್ತಿದ್ಮೇಲೆ ಏನಾಯ್ತು? ಅಮೆರಿಕದಲ್ಲಿ ಲೈಸೆನ್ಸ್ ಸಂಖ್ಯೆ ಏರಿದ್ದು ನಿಜ, ಆರೂವರೆ ಲಕ್ಷದ ಆಸುಪಾಸಲ್ಲಿದ್ದದ್ದು ನಿಧಾನಕ್ಕೆ ಏಳೂವರೆ ಲಕ್ಷದ ಹತ್ತಿರ ಬಂತು. ಹತ್ತು ವರ್ಷದ ಮೇಲಿನ ಲೆಕ್ಕ ಇದು, ಜನಸಂಖ್ಯೆನೂ ಬೆಳೀತಲ್ಲ, ಹಂಗಾಗಿ ಪ್ರವಾಹ ಅನ್ನೋಕಾಗಲ್ಲ. ನನ್ನ ಮಟ್ಟಿಗೆ ಈ ವಾದದಲ್ಲಿ ನಿಜವಾದ ಸಾಕ್ಷಿ ಅಮೆರಿಕ ಅಲ್ಲ, ಜಪಾನ್. ಅಲ್ಲಿ ನಾಲ್ಕನೇ ದರ್ಜೆ ಅಂತ ಒಂದಿದೆ, ಅದಕ್ಕೆ ಮೋರ್ಸ್ ಬೇಡ, ಇವತ್ತು ನಿನ್ನೆಯದಲ್ಲ, 1950ರ ದಶಕದ ಕೊನೆಯಿಂದಲೂ ಬೇಡ. ಕಡಿಮೆ ಪವರ್ರಲ್ಲಿ ಶಾರ್ಟ್‌ವೇವಲ್ಲೂ ಮಾತಾಡಬಹುದಿತ್ತು. ಅದರ ಬಲದ ಮೇಲೆ 1990ರ ದಶಕದ ನಡುವಿಗೆ ಅಲ್ಲಿನ ಹ್ಯಾಮ್ ಸ್ಟೇಷನ್‌ಗಳು 13 ಲಕ್ಷ ದಾಟಿದ್ವು, ಜಗತ್ತಲ್ಲೇ ಅತಿ ಹೆಚ್ಚು. ಈಗ 4 ಲಕ್ಷಕ್ಕಿಂತ ಕಮ್ಮಿ. ಮೋರ್ಸ್ ನಿಯಮ ಅಡ್ಡ ಇರ್ಲಿಲ್ಲ, ಆದ್ರೂ ಮೂರರಲ್ಲಿ ಎರಡು ಪಾಲು ಉದುರಿಹೋಯ್ತು. ಮೊಬೈಲ್ ಬಂದ ಹೊತ್ತಿಗೇ ಇಳಿಯೋಕೆ ಶುರುವಾಯ್ತು ಅನ್ನೋದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಏರಿದ್ದಕ್ಕೆ ಮೋರ್ಸ್ ಇಲ್ದಿದ್ದು ಸಹಾಯ ಮಾಡಿರಬಹುದು, ಇಳಿಯೋದನ್ನ ತಡೆಯೋಕೆ ಅದರ ಕೈಲಾಗ್ಲಿಲ್ಲ.

ಇನ್ನು ನಮ್ಮ 8 ಪದದ ಪರೀಕ್ಷೆಗೆ ಬರ್ತೀನಿ, ಇದರ ಬಗ್ಗೆ ನನಗೆ ಬೇರೆಯದೇ ತಕರಾರಿದೆ. ಕಷ್ಟ ಅಂತ ಅಲ್ಲ. ತಪ್ಪು ಜಾಗದಲ್ಲಿ ಇಟ್ಟಿರೋ ಪರೀಕ್ಷೆ ಇದು. ನಿಮಿಷಕ್ಕೆ 8 ಪದ ಅಂದ್ರೆ, ಪದಕ್ಕೆ 5 ಅಕ್ಷರದ ಲೆಕ್ಕದಲ್ಲಿ, 40 ಅಕ್ಷರ, ಒಂದೊಂದಕ್ಕೆ ಒಂದೂವರೆ ಸೆಕೆಂಡ್. ಒಂದು ಡಿಟ್, ಅಂದ್ರೆ ಚುಕ್ಕೆಯ ಶಬ್ದ, 150 ಮಿಲಿಸೆಕೆಂಡ್, ಡಾ, ಅಂದ್ರೆ ಗೆರೆಯ ಶಬ್ದ, ಅದರ ಮೂರರಷ್ಟು, 450. ಈ ಸ್ಪೀಡಲ್ಲಿ ಒಂದು ಅಕ್ಷರ ಕಿವಿಗೆ ಬಿದ್ದಾಗ ಮನಸ್ಸು ಏನ್ ಮಾಡತ್ತೆ ಅಂದ್ರೆ ಚುಕ್ಕೆ ಗೆರೆ ಎಣಿಸೋಕೆ ಕೂತ್ಕೊಳತ್ತೆ, ಒಂದು ಗೆರೆ, ಒಂದು ಚುಕ್ಕೆ, ಇನ್ನೊಂದು ಗೆರೆ, ಇನ್ನೊಂದು ಚುಕ್ಕೆ, ಹಾಂ ಇದು ಸಿ, ಅಂತ ಗೋಡೆಗೆ ಅಂಟಿಸಿದ ಚಾರ್ಟನ್ನ ತಲೆಯೊಳಗೆ ಹುಡುಕೋ ಕೆಲಸ. ಅಷ್ಟಕ್ಕೆ ಟೈಮ್ ಇರತ್ತೆ, ಆದ್ರಿಂದ ಅದೇ ಅಭ್ಯಾಸ ಆಗೋಗತ್ತೆ. ಗಾಳಿಯಲ್ಲಿ ನಿಜವಾಗಿ ಮಾತಾಡೋರು 18, 20, 25 ಪದದ ಸ್ಪೀಡಲ್ಲಿ ಇರ್ತಾರೆ, ಅಲ್ಲಿ ಡಿಟ್ ಬರೀ 60 ಮಿಲಿಸೆಕೆಂಡ್ ಆಸುಪಾಸು, ಎಣಿಸೋಕೆ ಪುರುಸೊತ್ತೆಲ್ಲಿದೆ, ಡಾಡಿಡಾಡಿಟ್ ಅನ್ನೋದು ಒಟ್ಟಿಗೆ ಒಂದೇ ಶಬ್ದ ಆಗಿ ಸಿ ಅಂತ ಕೇಳಿಸ್ಬೇಕು, ಡಾಡಾಡಿಡಾ ಅಂದ್ರೆ ಕ್ಯೂ. ಎಣಿಸಿ ಕಲಿತೋರು 10ರ ಹತ್ತಿರ ಬಂದು ಗೋಡೆಗೆ ಡಿಕ್ಕಿ ಹೊಡೆದ ಹಾಗೆ ನಿಂತ್ಬಿಡ್ತಾರೆ, ಅಲ್ಲಿಂದ ಮುಂದೆ ಹೋಗೋಕೆ ಕಲಿತಿದ್ದನ್ನೆಲ್ಲ ಮರೆತು ಮತ್ತೆ ಕಲೀಬೇಕು. ಲುಡ್ವಿಗ್ ಕಾಖ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞ 1930ರ ದಶಕದಲ್ಲೇ ಇದನ್ನ ಹೇಳಿದ್ದ, ಶುರುವಿಂದಲೇ ಪೂರ್ತಿ ಸ್ಪೀಡಲ್ಲಿ ಎರಡೇ ಅಕ್ಷರ ಕೇಳಿಸಿ, ಅವು ಪಕ್ಕಾ ಆದ್ಮೇಲೆ ಮೂರನೇದು ಸೇರಿಸಿ ಅಂತ, ಇವತ್ತು ಮೋರ್ಸ್ ಕಲಿಸೋ ಆ್ಯಪ್‌ಗಳೆಲ್ಲ ಹೆಚ್ಚುಕಮ್ಮಿ ಇದನ್ನೇ ಮಾಡೋದು.

ಹಂಗಾಗಿ 8 ಪದದ ಪರೀಕ್ಷೆ ಏನ್ ಅಳೀತಿದೆ ಅಂದ್ರೆ, ಬಳಕೆಗೆ ಬರದ ಒಂದು ಸ್ಪೀಡಲ್ಲಿ, ಬಳಕೆಗೆ ಅಡ್ಡ ಬರೋ ಒಂದು ಅಭ್ಯಾಸವನ್ನ. ಪಾಸಾದೋರಲ್ಲಿ ಎಷ್ಟೋ ಜನ ಆಮೇಲೆ ಮೋರ್ಸ್ ಕಳಿಸೋ ಕೀ ಮುಟ್ಟೋದೇ ಇಲ್ಲ, ವಿಯು2 ಸಿಕ್ತಲ್ಲ ಸಾಕು. ಇದನ್ನ ಹೇಳಿದ್ರೆ ಹಿರಿಯರು ಕೆಲವರಿಗೆ ಸಿಟ್ಟು ಬರತ್ತೆ, ನಾವು 12 ಪದದ್ದು ಪಾಸ್ ಮಾಡಿಲ್ವಾ ಅಂತ. ಮಾಡಿದಾರೆ, ಅವರ ಕಿವಿಗೆ ಕೈಮುಗೀಬೇಕು, ಆದ್ರೆ ಅವರು ಕಲಿತಿದ್ದು ಪರೀಕ್ಷೆಗಲ್ಲ, ದಿನಾ ಕೂತು ಮಾತಾಡಿ ಮಾತಾಡಿ.

ಹಂಗಾದ್ರೆ ಜನ ಯಾಕೆ ಬರ್ತಿಲ್ಲ? 80ರ ದಶಕದಲ್ಲಿ ಹ್ಯಾಮ್ ಆಗೋಕೆ ಒಂದು ದೊಡ್ಡ ಆಸೆ ಇತ್ತು, ದೂರ ಮಾತಾಡೋದು. ಸಕಲೇಶಪುರದ ಎಸ್ಟೇಟಿಂದ ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯ್ತಿದ್ದ ಕಾಲದಲ್ಲಿ ಇಟಲಿಯವನ ಜೊತೆ ಕಾಸಿಲ್ದೆ ಮಾತಾಡಿದೆ ಅಂದ್ರೆ ಅದು ಊರಿಗೆಲ್ಲ ಸುದ್ದಿ, ಆ ಕಾಲದ ಪ್ರಧಾನಿ ರಾಜೀವ್ ಗಾಂಧಿಯವರೇ ಹ್ಯಾಮ್, ವಿಯು2ಆರ್‌ಜಿ. ಆ ಆಸೆಯನ್ನ ವಾಟ್ಸಾಪ್ ನುಂಗಿಹಾಕ್ತು. ಅದಕ್ಕೆ ಮೋರ್ಸನ್ನ ಬೈದು ಏನ್ ಪ್ರಯೋಜನ. ಜೊತೆಗೆ ಲೈಸೆನ್ಸ್ ದಾರಿ, ಪರೀಕ್ಷೆಗೆ ಬೆಂಗಳೂರಿಗೋ ಮಂಗಳೂರಿಗೋ ಹೋಗ್ಬೇಕು, ಹಿಂದೆಲ್ಲ ಪಾಸಾದ್ಮೇಲೂ ಕ್ಲಿಯರೆನ್ಸ್ ಬರೋಕೆ ವರ್ಷಗಟ್ಟಲೆ ಕಾದೋರಿದ್ರು, ಅಷ್ಟೊತ್ತಿಗೆ ಹುಡುಗ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿ ಮದುವೆನೂ ಆಗಿರ್ತಿದ್ದ. ಈಗ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲಲ್ಲಿ ಆನ್‌ಲೈನ್ ಅರ್ಜಿ, ಎಷ್ಟೋ ವಾಸಿ. ಆಮೇಲೆ ಸೆಟ್ಟಿನ ರೇಟು, ಜಪಾನಿ ಶಾರ್ಟ್‌ವೇವ್ ಸೆಟ್ ಒಂದು ತಗೊಳೋ ದುಡ್ಡಿಗೆ ಒಳ್ಳೇ ಸೆಕೆಂಡ್‌ಹ್ಯಾಂಡ್ ಬೈಕ್ ಬರತ್ತೆ. ಈ ವಿಷಯದಲ್ಲಿ ದೊಡ್ಡ ಉಪಕಾರ ಮಾಡಿದ್ದು ಹೈದರಾಬಾದಿನ ಅಶ್ಹರ್ ಫರ್ಹಾನ್, ಇಲ್ಲೇ ಸಿಗೋ ಬಿಡಿಭಾಗಗಳಲ್ಲಿ ಕಟ್ಟಬಹುದಾದ ಬಿಟ್‌ಎಕ್ಸ್ ಅನ್ನೋ ಸೆಟ್ಟಿನ ಸರ್ಕ್ಯೂಟನ್ನ 20 ವರ್ಷದ ಹಿಂದೆನೇ ಎಲ್ಲರಿಗೂ ಬಿಟ್ಟುಕೊಟ್ರು, ಇವತ್ತು ಪ್ರಪಂಚದ ಮೂಲೆಮೂಲೇಲಿ ಅದನ್ನ ಕಟ್ಟಿದೋರಿದಾರೆ.

ಇನ್ನೊಂದು ಶತ್ರು ಇದೆ, ಅದರ ಬಗ್ಗೆ ಯಾರೂ ಮಾತಾಡಲ್ಲ. ಗಲಾಟೆ, ಅಂದ್ರೆ ರೇಡಿಯೋ ಗಲಾಟೆ. ಹಾಸನ ಪಟ್ಟಣದ ಒಳಗೆ ಮನೆ ಮಾಡಿಕೊಂಡು ಶಾರ್ಟ್‌ವೇವ್ ಸೆಟ್ ಹಾಕಿದ್ರೆ ಮೊದಲು ಕೇಳೋದು ಪಕ್ಕದ ಮನೆ ಎಲ್‌ಇಡಿ ಬಲ್ಬು, ಮೇಲಿನ ಮನೆ ಇನ್ವರ್ಟರ್ರು, ಮೊಬೈಲ್ ಚಾರ್ಜರ್ರು, ಎಲ್ಲದರ ಒಳಗೂ ಕರೆಂಟನ್ನ ಪಟಪಟ ಆನ್ ಆಫ್ ಮಾಡೋ ಸ್ವಿಚಿಂಗ್ ಸಪ್ಲೈ ಇರತ್ತೆ, ಎಲ್ಲವೂ ಜೊರ್ರೋ ಅಂತಿರ್ತವೆ, ಅದರಡಿಯಲ್ಲಿ ಪಾಪ ಕೊಲಂಬೋದವನ ದನಿ ಮುಳುಗಿಹೋಗಿರತ್ತೆ. ಹ್ಯಾಮ್ ಆಗಿ ಆರೇ ತಿಂಗಳಿಗೆ ಸೆಟ್ ಮೂಲೆಗೆ ಹಾಕೋರಲ್ಲಿ ಈ ಗಲಾಟೆಗೆ ಬೇಜಾರಾದೋರು ತುಂಬಾ ಜನ. ಮೂಡಿಗೆರೆ ಕಡೆ ತೋಟಕ್ಕೆ ಹೋದ್ರೆ ಬ್ಯಾಂಡ್ ಎಷ್ಟು ಸ್ವಚ್ಛ ಅಂದ್ರೆ ಸೆಟ್ ಕೆಟ್ಟಿದೆಯೇನೋ ಅನ್ಸತ್ತೆ. ಆದ್ರೆ ಅಲ್ಲಿ ಬೇರೆ ಕಾಟ, ಆನೆ ಬರದೇ ಇರ್ಲಿ ಅಂತ ಹಾಕಿರೋ ಸೋಲಾರ್ ಬೇಲಿ. ಅದು ಸೆಕೆಂಡಿಗೊಂದು ಸಲ ಅನ್ನೋ ಲೆಕ್ಕದಲ್ಲಿ ಶಾಕ್ ಬಿಡತ್ತೆ, ಮಳೆಗಾಲದಲ್ಲಿ ಲಂಟಾನಾ ಬೆಳೆದು ತಂತಿಗೆ ತಾಗಿದ್ರೆ ಅಲ್ಲಿ ಸಣ್ಣಗೆ ಕಿಡಿ ಹಾರತ್ತೆ, ರೇಡಿಯೋದಲ್ಲಿ ಟಿಕ್, ಟಿಕ್, ಟಿಕ್ ಅಂತ ರಾತ್ರಿಯಿಡೀ. ಒಂದು ಉಪಯೋಗ ಇದೆ, ಬೇಲಿ ಎಲ್ಲಿ ಲೀಕಾಗ್ತಿದೆ ಅಂತ ಹ್ಯಾಮ್‌ಗೆ ತೋಟ ನೋಡ್ಕೊಳ್ಳೋ ರೈಟರಿಗಿಂತ ಮೊದಲು ಗೊತ್ತಾಗತ್ತೆ.

ಮಲೆನಾಡಲ್ಲಿ ಈ ಹವ್ಯಾಸ ಬರೀ ಹವ್ಯಾಸ ಅಲ್ಲ ಅನ್ನೋ ಮಾತು ಪ್ರತಿ ಮಳೆಗಾಲ ಬರತ್ತೆ. ಅದರಲ್ಲಿ ಸ್ವಲ್ಪ ಉತ್ಪ್ರೇಕ್ಷೆನೂ ಇದೆ, ಪೊಲೀಸ್ ವೈರ್‌ಲೆಸ್ ಇದೆ, ಅರಣ್ಯ ಇಲಾಖೆಯೋರ ವಾಕಿಟಾಕಿ ಇದೆ, ಸ್ಯಾಟಲೈಟ್ ಫೋನ್ ಇದೆ, ಹ್ಯಾಮ್ ಬಂದೇ ಎಲ್ಲರನ್ನೂ ಉಳಿಸ್ಬೇಕು ಅಂತೇನಿಲ್ಲ. ಆದ್ರೆ 2004ರ ಡಿಸೆಂಬರ್ 26ರ ಸುನಾಮಿ ದಿನ ಪೋರ್ಟ್‌ಬ್ಲೇರಲ್ಲಿ ಭಾರತಿ ಪ್ರಸಾದ್ ಅವರ ತಂಡ ಕಾಕತಾಳೀಯವಾಗಿ ಸೆಟ್ ಸಮೇತ ಇತ್ತು, ಹೋಗಿದ್ದು ಹವ್ಯಾಸಕ್ಕೆ, ಫೋನ್ ಸತ್ತಿದ್ದಾಗ ದ್ವೀಪಗಳಿಂದ ಮುಖ್ಯಭೂಮಿಗೆ ಸಂದೇಶ ದಾಟಿಸಿದ್ದು ಅವರೇ. ನಮ್ಮಲ್ಲಿ 2019ರ ಆಗಸ್ಟಲ್ಲಿ ಮೂಡಿಗೆರೆ ತಾಲ್ಲೂಕಲ್ಲಿ ಗುಡ್ಡ ಕುಸಿದು ಮಲೆಮನೆ ಥರದ ಊರು ಬರಿದಾಯ್ತು, ಚಾರ್ಮಾಡಿ ಘಾಟಿ ಬಂದಾಯ್ತು. ಇಂಥ ಮಳೇಲಿ ಕರೆಂಟ್ ಹೋಗಿ, ಟವರಿನ ಬ್ಯಾಟರಿ ಇಳಿದು, ಡೀಸೆಲ್ ತರೋ ರಸ್ತೆನೂ ಇಲ್ಲ ಅಂದ್ರೆ ಮೊಬೈಲ್ ಬರೀ ಟಾರ್ಚು.

ಇಂಥ ಕಡೆ ಕೈಲಿ ಹಿಡಿಯೋ ಹ್ಯಾಂಡಿ ಕೆಲಸಕ್ಕೆ ಬರಲ್ಲ ಅನ್ನೋದನ್ನ ಹೊಸಬರು ತಿಳ್ಕೋಬೇಕು. 144 ಮೆಗಾಹರ್ಟ್ಸಿನ ಅಲೆ ಹೆಚ್ಚುಕಮ್ಮಿ ಕಣ್ಣಿಗೆ ಕಾಣೋ ಹಾಗೆ ನೇರ ಹೋಗತ್ತೆ, 1930 ಮೀಟರಿನ ಮುಳ್ಳಯ್ಯನಗಿರಿ ಮೇಲೆ ನಿಂತ್ರೆ ಅದೇ ಹ್ಯಾಂಡಿ ರಾಜ, ಕೊಟ್ಟಿಗೆಹಾರದ ಕೆಳಗಿನ ಕಣಿವೆಗೆ ಇಳಿದ್ರೆ ಪಕ್ಕದ ಎಸ್ಟೇಟೂ ಸಿಗಲ್ಲ. ಅಲ್ಲಿಗೆ ಬೇಕಿರೋದು 7 ಮೆಗಾಹರ್ಟ್ಸು, ಒಟ್ಟು 20 ಮೀಟರ್ ಉದ್ದದ ತಾಮ್ರದ ತಂತಿ, ನಡುವೆ ಕತ್ತರಿಸಿ ಕೇಬಲ್ ಕೊಟ್ಟು ಎರಡು ಸಿಲ್ವರ್ ಓಕ್ ಮರಕ್ಕೆ ಕಟ್ಟೋದು. ತುಂಬಾ ಎತ್ತರ ಬೇಡ, ಕಾಫಿ ಗಿಡದಿಂದ ಸ್ವಲ್ಪ ಮೇಲೆ, 15-20 ಅಡಿ ಇದ್ರೇ ಒಳ್ಳೇದು, ಯಾಕಂದ್ರೆ ತಗ್ಗಲ್ಲಿರೋ ಇಂಥ ತಂತಿಯಿಂದ, ಡೈಪೋಲ್ ಅಂತಾರೆ ಇದಕ್ಕೆ, ಅಲೆ ನೆಟ್ಟಗೆ ಆಕಾಶಕ್ಕೆ ಹೋಗಿ ವಾತಾವರಣದ ಮೇಲಿನ ಪದರ ಅಯಾನುಗೋಳಕ್ಕೆ ಬಡಿದು ವಾಪಸ್ ಕೆಳಗೆ ಸುತ್ತ 200-300 ಕಿಲೋಮೀಟರ್ ತನಕ ಬೀಳತ್ತೆ, ನಡುವೆ ಬೆಟ್ಟ ಇದ್ರೆ ಇರ್ಲಿ. ಹಗಲು ಹೊತ್ತು ಬಾಳೆಹೊನ್ನೂರಿಂದ ಬೆಂಗಳೂರಿಗೆ ಇದರಲ್ಲಿ ಆರಾಮಾಗಿ ಮಾತಾಡ್ಬಹುದು. ಮೋರ್ಸಿನ ಲಾಭ ಕಾಣೋದು ಇಲ್ಲಿ. ಧ್ವನಿ ಕಳಿಸೋಕೆ ಎರಡೂವರೆ ಕಿಲೋಹರ್ಟ್ಸ್ ಅಗಲ ಬೇಕು, ಮೋರ್ಸಿಗೆ ಬರೀ 150-200 ಹರ್ಟ್ಸ್, ಇರೋ ಪವರೆಲ್ಲ ಒಂದೇ ಸಣ್ಣ ಜಾಗಕ್ಕೆ. ಬೈಕ್ ಬ್ಯಾಟರೀಲಿ ಓಡೋ 5 ವಾಟ್ ಸೆಟ್ಟಲ್ಲಿ, ಮಿಂಚಿನ ಚಟಪಟ ನಡುವೆ, ಧ್ವನಿ ಅರ್ಥ ಆಗದೇ ಇದ್ದಾಗ್ಲೂ ಡಿಟ್ ಡಾ ಕೇಳತ್ತೆ. ಆದ್ರೆ ಕೇಳೋಕೆ ಆ ಕಡೆ ಮೋರ್ಸ್ ಬರೋ ಕಿವಿ ಇರ್ಬೇಕಲ್ಲ, ಅದು 8 ಪದ ಪಾಸ್ ಮಾಡಿ ಮರೆತ ಕಿವಿ ಆಗಿದ್ರೆ ಬಂದ ಭಾಗ್ಯ ಅಷ್ಟೇ.

ಮೋರ್ಸಿಗೂ ಈಗ ಒಬ್ಬ ಅಣ್ಣ ಬಂದಿದಾನೆ, ಎಫ್‌ಟಿ8. ಭೌತಶಾಸ್ತ್ರದಲ್ಲಿ 1993ರ ನೊಬೆಲ್ ತಗೊಂಡ ಜೋ ಟೇಲರ್ ಮತ್ತೆ ಅವರ ಜೊತೆಗಾರ ಸ್ಟೀವ್ ಫ್ರಾಂಕೆ 2017ರಲ್ಲಿ ಬಿಟ್ಟ ಡಿಜಿಟಲ್ ವಿಧಾನ, 15 ಸೆಕೆಂಡಿಗೊಂದು ಪುಟ್ಟ ಸಂದೇಶ, ಅಗಲ ಬರೀ 50 ಹರ್ಟ್ಸ್, ಕಿವಿಗೆ ಏನೂ ಕೇಳದೇ ಇದ್ದಾಗ್ಲೂ ಕಂಪ್ಯೂಟರ್ ಹೆಕ್ಕಿ ತೆಗೆಯತ್ತೆ. ಪಟ್ಟಣದ ಗಲಾಟೇಲಿ ಇರೋ ಹ್ಯಾಮ್‌ಗಳಿಗೆ ಜೀವ ಬಂದಂಗಾಯ್ತು, ಜಗತ್ತಿನ ಹ್ಯಾಮ್ ಟ್ರಾಫಿಕಲ್ಲಿ ದೊಡ್ಡ ಪಾಲು ಈಗ ಇದೇ. ನನಗೆ ವೈಯಕ್ತಿಕವಾಗಿ ಅಷ್ಟು ರುಚಿಸಲ್ಲ, ಎರಡು ಕಂಪ್ಯೂಟರ್ ಮಾತಾಡ್ಕೊಂಡು ನಮಗೆ ರಿಪೋರ್ಟ್ ಕೊಟ್ಟ ಹಾಗಿರತ್ತೆ. ಆದ್ರೆ ಕಂಪ್ಯೂಟರ್ ಸೈನ್ಸ್ ಹುಡುಗ್ರನ್ನ ಒಳಗೆ ಎಳೆದಿದ್ದು ಇದೇ ಅನ್ನೋದನ್ನ ಒಪ್ಪಲೇಬೇಕು.

ಹಾಸನದೋರಿಗಂತೂ ಇನ್ನೊಂದು ದಾರಿ ಇದೆ. ಸಾಲಗಾಮೆ ರೋಡಿನ ಎಂಸಿಎಫ್ ಇಲ್ಲಿ ಎಲ್ಲರಿಗೂ ಗೊತ್ತು, 1982ರಿಂದ ಇಸ್ರೋದ ಭೂಸ್ಥಿರ ಉಪಗ್ರಹಗಳನ್ನ ನೋಡ್ಕೊಳ್ಳೋದು ಅಲ್ಲಿಂದ, ಆ ದೊಡ್ಡ ಡಿಶ್‌ಗಳನ್ನ ನೋಡ್ಕೊಂಡು ಬೆಳೆದ ಮಕ್ಕಳಿಗೆ ಉಪಗ್ರಹ ಅಂದ್ರೆ ಪಕ್ಕದ ಮನೆ ವಿಷಯ. ಹ್ಯಾಮ್‌ಗಳಿಗೂ ಒಂದು ಭೂಸ್ಥಿರ ಟ್ರಾನ್ಸ್‌ಪಾಂಡರ್, ಅಂದ್ರೆ ಸಿಗ್ನಲ್ ತಗೊಂಡು ವಾಪಸ್ ಕೆಳಗೆ ಕಳಿಸೋ ಸಾಧನ, ಇದೆ, 2018ರ ನವೆಂಬರಲ್ಲಿ ಹಾರಿದ ಕತಾರಿನ ಎಸ್‌ಹೈಲ್-2 ಮೇಲೆ, ಕ್ಯೂಒ-100 ಅಂತಾರೆ. ಅದು ನಮಗೆ ಪಶ್ಚಿಮಕ್ಕೆ, ಕ್ಷಿತಿಜದಿಂದ ಸುಮಾರು 30 ಡಿಗ್ರಿ ಮೇಲೆ ಸದಾ ಕೂತಿರತ್ತೆ, ಟೆರೇಸ್ ಮೇಲಿನ ಹಳೇ ಟಿವಿ ಡಿಶ್ ತಿರುಗಿಸಿ ಒಂದು ಅಗ್ಗದ ಯುಎಸ್‌ಬಿ ರಿಸೀವರ್ ಸಿಕ್ಕಿಸಿದ್ರೆ ಯುರೋಪು, ಆಫ್ರಿಕಾದೋರ ಮಾತು ಕೇಳತ್ತೆ. ಭಾರತದ್ದೇ ಹ್ಯಾಮ್ ಉಪಗ್ರಹ ಹ್ಯಾಮ್‌ಸ್ಯಾಟ್ 2005ರಲ್ಲಿ ಹೋಗಿ 2014ರ ತನಕ ಕೆಲಸ ಮಾಡಿತ್ತು.

ಇಷ್ಟೆಲ್ಲ ಆದ್ರೂ ಮೋರ್ಸ್ ಸತ್ತಿಲ್ಲ, ಇದೇ ಹಿರಿಯರ ಭಯಕ್ಕೆ ಉತ್ತರ. ಕಡ್ಡಾಯ ತೆಗೆದ ದೇಶಗಳಲ್ಲಿ ಇವತ್ತು ಅದನ್ನ ಇಷ್ಟಪಟ್ಟು ಕಲಿಯೋರ ಆನ್‌ಲೈನ್ ಕ್ಲಾಸುಗಳು ತುಂಬ್ತವೆ, ಸಿಡಬ್ಲ್ಯೂಆಪ್ಸ್ ಅನ್ನೋ ಕ್ಲಬ್ಬಿನೋರು ಪುಕ್ಕಟೆ ಕಲಿಸ್ತಾರೆ, ಕೊರೋನಾ ಲಾಕ್‌ಡೌನಲ್ಲಿ ಮನೇಲಿ ಕೂತು ಶುರುಮಾಡಿದೋರು ಬೇಕಾದಷ್ಟು. ಬೆಟ್ಟ ಹತ್ತಿ ಅಲ್ಲಿಂದ ಮಾತಾಡೋ ಚಟ ಇರೋರಿಗಂತೂ ಮೋರ್ಸೇ ಇಷ್ಟ, ಕೈಗೆ ಹಿಡಿಯೋಷ್ಟು ಸೆಟ್ಟು, ಸಣ್ಣ ಬ್ಯಾಟರಿ, ಬೆನ್ನಿಗೆ ಭಾರ ಇಲ್ಲ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ ಇಟ್ಕೊಂಡಿರೋ ಜಿಲ್ಲೇಲಿ ಇದು ಯಾಕಿನ್ನೂ ಹುಚ್ಚು ಹಿಡಿಸಿಲ್ಲ ಅನ್ನೋದೇ ನನಗೆ ಆಶ್ಚರ್ಯ.

2023ರ ದೂರಸಂಪರ್ಕ ಕಾಯ್ದೆ 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆ ಎರಡರ ಜಾಗಕ್ಕೂ ಬಂದಿದೆ, ಅದರಡಿ ಹಳೇ ನಿಯಮಗಳನ್ನೆಲ್ಲ ಹೊಸದಾಗಿ ಬರೆಯೋ ಅವಕಾಶ ಇದೆ. ನನ್ನ ಕೇಳಿದ್ರೆ ಜನರಲ್ ಗ್ರೇಡಿಂದ ಮೋರ್ಸ್ ತೆಗೆದು ಥಿಯರಿಯನ್ನ ಬಿಗಿ ಮಾಡ್ಲಿ, ಮೋರ್ಸ್ ಬೇಕು ಅನ್ನೋರಿಗೆ ಬೇರೆ ಸರ್ಟಿಫಿಕೇಟ್ ಇರ್ಲಿ, 8 ಅಲ್ಲ, 15ಕ್ಕೆ. ಅದಕ್ಕಿಂತ ದೊಡ್ಡ ಕೆಲಸ ಪರೀಕ್ಷೆಯನ್ನ ಜಿಲ್ಲೆಗೆ ತರೋದು, ವರ್ಷಕ್ಕೆ ಎರಡು ಸಲ ಹಾಸನದ ಯಾವುದಾದ್ರೂ ಕಾಲೇಜಲ್ಲಿ ನಡೆಸಿದ್ರೆ ಮೋರ್ಸ್ ತೆಗೆದಿದ್ದಕ್ಕಿಂತ ಹೆಚ್ಚು ಜನ ಬರ್ತಾರೆ ಅನ್ನೋದು ನನ್ನ ಲೆಕ್ಕ.

ಈಗಲೇ ಶುರು ಮಾಡೋರು ನಿಯಮ ಬದಲಾಗ್ಲಿ ಅಂತ ಕಾಯ್ಬೇಡಿ, ರಿಸ್ಟ್ರಿಕ್ಟೆಡ್ ಬರೆದು ಒಳಗೆ ಬನ್ನಿ. ಮೋರ್ಸ್ ಕಲಿಯೋದಾದ್ರೆ ಆ್ಯಪಲ್ಲಿ ಅಕ್ಷರದ ಸ್ಪೀಡ್ 20ಕ್ಕೆ ಇಡಿ, ಅಕ್ಷರಗಳ ನಡುವಿನ ಗ್ಯಾಪ್ ಮಾತ್ರ ಜಾಸ್ತಿ ಮಾಡ್ಕೊಳ್ಳಿ, ದಿನಾ ಕಾಲು ಗಂಟೆ ಸಾಕು, ಗೋಡೆ ಚಾರ್ಟ್ ಮಾತ್ರ ಅಂಟಿಸಲೇಬೇಡಿ. ಜನರಲ್ ಪರೀಕ್ಷೆ ಹತ್ತಿರ ಬಂದಾಗ ಒಂದು ವಾರ ಕೂತು 8ರ ಸ್ಪೀಡಿಗೆ ಕಿವಿ ಒಗ್ಗಿಸಿಕೊಳ್ಳಿ, ವೇಗದಲ್ಲಿ ಕಲಿತೋರಿಗೆ ಅದು ಎಳೆದೆಳೆದು ಮಾತಾಡಿದಂಗೆ ಕೇಳಿ ತಲೆ ಕೆಡತ್ತೆ, ಆದ್ರೆ ಪಾಸಾಗ್ತೀರ.